ಅತ್ತೆಯ ತೋಳಿನ ಬಿಲ್ಲೆ
ಅತ್ತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಹಳೆಯವು. ಕಿಡ್ನಿಯೂ ಸೋಲುತ್ತಿದೆ ಎಂದು ಗೊತ್ತಾದ ಮೇಲೆ ಬಳ್ಳಾರಿಯ ಡಾಕ್ಟರು ಅವರ ಎಡತೋಳಿಗೆ ಬಿಲ್ಲೆಯಂಥ ಸಣ್ಣ ಯಂತ್ರವೊಂದನ್ನು ಅಂಟಿಸಿದರು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದು ನನ್ನ ಫೋನಿನಲ್ಲಿ ಕಾಣುತ್ತಿತ್ತು. ಹೆಚ್ಚು ಏರಿದರೂ ಇಳಿದರೂ ಫೋನು ಕೂಗುತ್ತಿತ್ತು. ನೀನೇ ನೋಡಿಕೊಳ್ಳಮ್ಮ ಎಂದು ಡಾಕ್ಟರು ಹೇಳಿದಾಗ ಒಳಗೊಳಗೇ ಖುಷಿಯಾಯಿತು.

ರಾಯದುರ್ಗದ ಆ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಬಂದವರೆದುರು ನನ್ನ ಸಾರನ್ನು ಪಾತ್ರೆ ತೊಳೆದ ನೀರು ಎಂದವರು ಈ ಅತ್ತೆ.

ಸಂಬಂಧಿಕರ ಮನೆಯ ಸೀಮಂತದಲ್ಲಿ ಊಟ ಮುಗಿಸಿ ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಫೋನು ಕೂಗಿತು. ಅತ್ತೆಯನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನಾನು ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದೆ.

"ಎಷ್ಟು ಹೋಳಿಗಿ ತಿಂದ್ರಿ ಅತ್ತಿ? ನೀವು ಸುಳ್ಳು ಹೇಳಬಹುದು, ಇದು ಹೇಳಂಗಿಲ್ಲ."

ಹೆಂಗಸರು ನಕ್ಕರು. ಅತ್ತೆ ಸೆರಗೆಳೆದು ತೋಳು ಮುಚ್ಚಿಕೊಂಡರು.

ಅಂದಿನಿಂದ ಅವರು ಊಟ ಕಡಿಮೆ ಮಾಡಿದರು. ಎರಡನೆಯ ರೊಟ್ಟಿ ಬೇಡವೆಂದರು, ಆಮೇಲೆ ಮೊದಲನೆಯದರಲ್ಲೂ ಅರ್ಧ ಬಿಟ್ಟರು. ನಂಬರು ಚೆನ್ನಾಗಿ ಬರತೊಡಗಿತು. ಡಾಕ್ಟರು ನನ್ನನ್ನು ಹೊಗಳಿದರು. ಅತ್ತೆಯ ರವಿಕೆಗಳು ಭುಜದಿಂದ ಜಾರುತ್ತಿದ್ದವು. ನಾನೇ ಎರಡು ಸಲ ಹಿಡಿದು ಹೊಲಿದುಕೊಟ್ಟೆ. ಊಟ ಬಿಟ್ಟಿದ್ದಾರೆ ಎಂದು ಮಾತ್ರ ಡಾಕ್ಟರಿಗೆ ಹೇಳಲಿಲ್ಲ. ಮಾತ್ರೆಗಳು ಮೊದಲಿನಷ್ಟೇ ನಡೆದವು.

ಒಂದು ಬೆಳಿಗ್ಗೆ, ಮನೆಯ ಹಿಂದಿನ ನಮ್ಮ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ನಾನು ಪ್ಯಾಂಟು ಮಡಚುತ್ತಿದ್ದೆ. ಫೋನು ಕೂಗಿತು. ಮತ್ತೆ ಏನೋ ಕದ್ದು ತಿಂದಿರಬೇಕು ಎಂದುಕೊಂಡು ಅದನ್ನು ನೋಡಲೇ ಇಲ್ಲ. ಮತ್ತೆ ಕೂಗಿತು. ಬೈಯಲು ಮಾತು ಜೋಡಿಸಿಕೊಳ್ಳುತ್ತಾ, ಕಟ್ಟು ಪೂರ್ತಿ ಮಡಚಿಟ್ಟೇ ಎದ್ದೆ.

ಅತ್ತೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಮೈಯೆಲ್ಲ ಬೆವರು, ನಾಲಿಗೆ ತೊದಲುತ್ತಿತ್ತು. ಆಗ ಫೋನು ನೋಡಿದೆ. ಸಕ್ಕರೆ ಏರಿರಲಿಲ್ಲ, ಪಾತಾಳಕ್ಕಿಳಿದಿತ್ತು. ಬೆಲ್ಲ ಕಲಸಿದ ನೀರನ್ನು ಚಮಚದಲ್ಲಿ ತುಟಿಗೆ ಹಚ್ಚುತ್ತಾ ಗಂಡನನ್ನು ಕೂಗಿದೆ.

ಬದುಕಿದರು. ಸೊಂಟದ ಮೂಳೆ ಮುರಿದಿತ್ತು. ಊಟವಿಲ್ಲದೆ ಅಷ್ಟು ಮಾತ್ರೆ ಯಾಕೆ ಕೊಟ್ಟಿರಿ ಎಂದು ಡಾಕ್ಟರು ಕೇಳಿದಾಗ, ತಿನ್ನುತ್ತಿದ್ದರು ಸಾರ್ ಎಂದೆ. ಗಂಡ ನನ್ನ ಮುಖ ನೋಡಿದರು.

ಮನೆಗೆ ಬಂದ ದಿನ ಅನ್ನ ಕಲಸಿ ಮುಂದಿಟ್ಟೆ. ಅತ್ತೆ ಮುಟ್ಟಲಿಲ್ಲ.

"ನಂಬರ್ ಎಷ್ಟೈತಿ ನೋಡವ್ವ. ತಿಂದ್ರ ಬೈಯಂಗಿಲ್ಲಲ್ಲ?"

ಅವರು ನನ್ನನ್ನು ಅವ್ವಾ ಎಂದದ್ದು ಅದೇ ಮೊದಲು. ತಪ್ಪಾಯ್ತು ಎನ್ನಬೇಕಿತ್ತು. "ತಿನ್ರಿ," ಎಂದೆ ಅಷ್ಟೆ.

ತಿಂಗಳಾದ ಮೇಲೆ ನಾದಿನಿ ಬಂದು ತಾಯಿಯನ್ನು ಬೊಮ್ಮನಹಾಳಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಬಿಲ್ಲೆ ತೆಗೆಸಿದ್ದೇವೆ, ಬೆಳಿಗ್ಗೆ ಬೆರಳು ಚುಚ್ಚಿ ನೋಡುತ್ತೇವೆ, ಅವ್ವ ಹೊಟ್ಟೆತುಂಬ ಉಣ್ಣುತ್ತಾಳೆ ಎಂದು ಫೋನು ಮಾಡಿದಳು. ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು.

ನೋಡಲು ಹೋದ ದಿನ ಅತ್ತೆ ಊಟಕ್ಕೆ ಕೂತಿದ್ದರು. ನಾನು ಒಳಗೆ ಕಾಲಿಟ್ಟದ್ದು ಕಂಡು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದರು. ಹೊರಗೆ ಕೂತಿರು ವೈನಿ ಎಂದಳು ನಾದಿನಿ. ಅವರ ಊಟ ಮುಗಿಯುವ ತನಕ ಕಟ್ಟೆಯ ಮೇಲೆ ಕೂತಿದ್ದೆ.