ತೊಳೆದ ಮಡಕೆ ಚೂರುಗಳು

ತೊಂಬತ್ತರ ದಶಕದ ಆರಂಭ. ವಿಶಾಖಪಟ್ಟಣದಲ್ಲಿ ನಾನು ಪುರಾತತ್ವವನ್ನೂ ಬಿಸಿನೆಸ್ ಎಕನಾಮಿಕ್ಸನ್ನೂ ಒಟ್ಟಿಗೆ ಓದುತ್ತಿದ್ದೆ. ಎರಡನೆಯದು ಅಪ್ಪನ ಆಸೆ, ಮೊದಲನೆಯದು ನನ್ನ ಹಟ. ಬ್ಯಾಂಕ್ ಅಧಿಕಾರಿಯಾಗಿದ್ದ ಅಪ್ಪ ಒಪ್ಪುವಾಗಲೇ ಕರಾರು ಹಾಕಿದ್ದರು: ಪುರಾತತ್ವದಲ್ಲಿ ಒಂದೇ ಒಂದು ಎಡವಟ್ಟಾದರೂ ಅದನ್ನು ಅಲ್ಲಿಗೇ ಬಿಡಬೇಕು. ಅವರಿಗೆ ವಿಜಯವಾಡಕ್ಕೆ ವರ್ಗವಾದ ಮೇಲೆ ನಾನು ಹಾಸ್ಟೆಲ್ ಸೇರಿದ್ದೆ.

ಕೊನೆಯ ವರ್ಷದ ದಸರಾ ರಜೆಗೆ ನಮ್ಮ ಮೇಷ್ಟ್ರು, ಚಿತ್ರ ಬರೆದು ತರಲೆಂದು ಉತ್ಖನನದಲ್ಲಿ ಸಿಕ್ಕ ಮೂವತ್ತು ಮಡಕೆ ಚೂರುಗಳನ್ನು ನನ್ನ ಕೈಗೆ ಕೊಟ್ಟರು. ಪ್ರತಿ ಚೂರಿನ ಬೆನ್ನಿಗೂ ಅದು ಯಾವ ಗುಂಡಿಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ತಿಳಿಸುವ ಶಾಯಿಯ ಸಂಖ್ಯೆ. ಸಂಖ್ಯೆ ಹೋದರೆ ಅದು ಬರೀ ಒಡಕು ಮಡಕೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ವಿಜಯವಾಡಕ್ಕೆ ತಂದೆ.

ಮರುದಿನ ಎಕನಾಮಿಕ್ಸ್ ಪ್ರಾಜೆಕ್ಟಿಗೆಂದು ಬೆಂಜ್ ಸರ್ಕಲ್ಲಿನ ಶೋರೂಮುಗಳನ್ನು ಸುತ್ತಿ, ಬೆವರು ಸುರಿಸಿಕೊಂಡು ಮನೆಗೆ ಬಂದೆ. ವರಾಂಡದಲ್ಲಿ ಮೂವತ್ತೂ ಚೂರುಗಳು ಬಿಸಿಲಿಗೆ ಒಣಗುತ್ತಿದ್ದವು. ಅವ್ವ ಸೋಪು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದಳು. ಒಡಕು ಮಡಕೆ ಮನೆಯಲ್ಲಿಡಬಾರದು, ಇಟ್ಟ ಮೇಲೆ ಶುದ್ಧವಾಗಾದರೂ ಇರಲಿ ಎಂಬುದು ಅವಳ ವಾದ. ಒಂದರ ಮೇಲೂ ಸಂಖ್ಯೆಯಿರಲಿಲ್ಲ.

ನಮ್ಮೂರು ಧಾರವಾಡ ಬಿಟ್ಟು ಹದಿನೈದು ವರ್ಷವಾಗಿತ್ತು ನೋಡಿ, ಸಿಟ್ಟು ಬಂದರೆ ನನ್ನ ಬಾಯಿಗೆ ತೆಲುಗೇ ಬರುತ್ತಿತ್ತು. ತೆಲುಗಿನಲ್ಲೇ ಹಿಗ್ಗಾಮುಗ್ಗಾ ಕೂಗಾಡಿದೆ. ಆಮೇಲೆ ಅಲ್ಲೇ ಕೂತು ಅತ್ತೆ. ಸಂಜೆ ಅಪ್ಪ ಬಂದರೆ ನನ್ನ ಪುರಾತತ್ವದ ಕತೆ ಮುಗಿಯಿತು ಅಂದುಕೊಂಡೆ.

ಅವ್ವ ಒಳಗೆ ಹೋಗಿ, ಪ್ರತಿ ವರ್ಗಾವಣೆಯಲ್ಲೂ ಡಬ್ಬಿ, ಟ್ರಂಕುಗಳ ಪಟ್ಟಿ ಬರೆಯುತ್ತಿದ್ದ ತನ್ನ ನೋಟ್‌ಬುಕ್ ತಂದಳು. ತೊಳೆಯುವ ಮೊದಲೇ ಒಂದೊಂದು ಚೂರನ್ನೂ ಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲ್ ಆಡಿಸಿ, ನಡುವೆ ಅದರ ಸಂಖ್ಯೆ ಬರೆದಿಟ್ಟಿದ್ದಳು.

"ಏಳು ಸಲ ಮನಿ ಕಿತ್ತೇನಿ. ಪಟ್ಟಿ ಬರಕೊಳ್ಳಲಾರದ ನಾ ಯಾವ ಸಾಮಾನೂ ಮುಟ್ಟಂಗಿಲ್ಲ," ಅಂದಳು. "ಮಸಿ ಹೋದ್ರ ಮತ್ತ ಬರದ್ರಾತು."

ಇಬ್ಬರೂ ನೆಲದ ಮೇಲೆ ಕೂತು ಚೂರುಗಳನ್ನು ಗೆರೆಗಳೊಳಗೆ ಇಟ್ಟು ನೋಡಿದೆವು. ಮೂವತ್ತೂ ಸರಿಯಾಗಿ ಕೂತವು. ಅಬ್ಬಾ, ಹೋದ ಜೀವ ಬಂದಂತಾಯಿತು. ಕೂಗಾಡಿದ್ದಕ್ಕೆ ನಾಚಿಕೆಯೂ ಆಯಿತು.

ಕೊನೆಯ ಚೂರಿಗೆ ಸಂಖ್ಯೆ ಬರೆಯುತ್ತಿರುವಾಗ ಅಪ್ಪ ಬಂದರು. ನನ್ನ ಕೆಂಪು ಕಣ್ಣು ನೋಡಿ, ಏನಾದರೂ ಎಡವಟ್ಟಾಯಿತೇ ಎಂದು ಕೇಳಿದರು.

"ಏನೂ ಆಗಿಲ್ರಿ," ಅವ್ವ ತಲೆಯೆತ್ತದೆ ಹೇಳಿದಳು. "ಆಕಿ ಎರಡೂ ಓದ್ತಾಳ. ಕಾಲಾಗ ಚೂರು ಅದಾವ, ಆ ಕಡೆಯಿಂದ ಬರ್ರಿ."

ಅಪ್ಪ ಚಪ್ಪಲಿ ಕೈಗೆತ್ತಿಕೊಂಡು, ಗೋಡೆಯ ಪಕ್ಕದಲ್ಲೇ ನಡೆದು ಒಳಗೆ ಹೋದರು.