ನಕ್ಷತ್ರ ಭುಗಿಲೆದ್ದ ಭಾನುವಾರ

2008ರಲ್ಲಿ ನಾನು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಕೇಬಲ್ ಟಿವಿ ಮತ್ತು ಇಂಟರ್ನೆಟ್ ಆಪರೇಟರ್ ಆಗಿದ್ದೆ. ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬಂದು, ಮೊದಲು ಒಂದು ಬಾರಿನಲ್ಲಿ ದುಡಿದು, ಆಮೇಲೆ ಈ ಕಸುಬು ಹಿಡಿದವನು. ತಂಗಿ ವಸಂತಿ ನನ್ನ ಮನೆಯಲ್ಲೇ ಇದ್ದು ಮುಂಬೈಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು.

ಅವಳ ವಿಷಯ ಸಿಂಬಯಾಟಿಕ್ ನಕ್ಷತ್ರಗಳು. ಅವಳು ಹೇಳಿಕೊಟ್ಟಷ್ಟನ್ನೇ ಬರೆಯುತ್ತೇನೆ. ಮುಪ್ಪಾಗಿ ಊದಿಕೊಂಡ ಒಂದು ಕೆಂಪು ನಕ್ಷತ್ರ, ಅದಕ್ಕೆ ಜೊತೆಯಾಗಿ ಪುಟ್ಟದೊಂದು ಗಟ್ಟಿ ಬಿಳಿ ನಕ್ಷತ್ರ. ದೊಡ್ಡದರ ಅನಿಲವನ್ನು ಚಿಕ್ಕದು ಎಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ಕೆಲವು ಜೋಡಿಗಳಲ್ಲಿ ಎಷ್ಟೋ ವರ್ಷಕ್ಕೊಮ್ಮೆ ಆ ರಾಶಿ ಭುಗಿಲೇಳುತ್ತದೆ. ಹೊರಚಿಮ್ಮಿದ್ದು ಸುತ್ತಲಿನ ಅನಿಲಕ್ಕೆ ಗುದ್ದಿದಾಗ ಎಕ್ಸ್‌ರೇ ಹೊರಡುತ್ತದೆ. ನಮ್ಮ ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲ; ಬಾಹ್ಯಾಕಾಶದ ದೂರದರ್ಶಕವೇ ನೋಡಬೇಕು. ಮೊದಲ ದಿನಗಳಲ್ಲೇ ನೋಡಿದರೆ ಗುದ್ದಿನ ವೇಗ ಸರಿಯಾಗಿ ತಿಳಿಯುತ್ತದೆ. ತಪ್ಪಿದರೆ ಇನ್ನೊಮ್ಮೆ ಕಾಯಲು ಆಯುಷ್ಯ ಸಾಲದೆಯೂ ಹೋಗಬಹುದು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅವಳು ಕಾಯುತ್ತಿದ್ದ ಜೋಡಿ ಬೆಳಗಿದೆಯೆಂದು ಮೇಲ್ ಬಂತು. ದೂರದರ್ಶಕವನ್ನು ಆ ಕಡೆ ತಿರುಗಿಸಿ ಎಂಬ ತುರ್ತು ಕೋರಿಕೆಯನ್ನು ವೆಬ್‌ಸೈಟಿನಲ್ಲಿ ತುಂಬಬೇಕಿತ್ತು. ಅವಳ ಗೈಡ್ ವಿಮಾನದಲ್ಲಿದ್ದರು. ಕೆಲಸ ಅವಳ ತಲೆಯ ಮೇಲೆಯೇ ಬಿತ್ತು. ಅವಳು ಬರೆಯುತ್ತಿದ್ದಾಗಲೇ ಸಿಡಿಲಿಗೆ ನನ್ನ ಎರಡು ಆಂಪ್ಲಿಫೈಯರ್ ಸುಟ್ಟವು. ಟಿವಿ, ಇಂಟರ್ನೆಟ್ ಎರಡರ ಸಿಗ್ನಲನ್ನೂ ಮುಂದಕ್ಕೆ ತಳ್ಳುವ ಪೆಟ್ಟಿಗೆ ಅದು. ಒಂದು ನಮ್ಮ ಬಿಲ್ಡಿಂಗಿನದು, ಇನ್ನೊಂದು ನಾನು ಹಿಂದೆ ದುಡಿದ ಬಾರಿನ ಸಾಲಿನದು. ನನ್ನ ಬಳಿ ಹೆಚ್ಚುವರಿ ಇದ್ದದ್ದು ಒಂದೇ.

ಬಾರಿನ ಸೇಠ್ ಫೋನ್ ಮಾಡಿದರು. "ಮ್ಯಾಚ್ ಉಂಟು ಇವತ್ತು. ಟಿವಿ ಇಲ್ಲದಿದ್ರೆ ಗಿರಾಕಿಗಳು ನನ್ನನ್ನೇ ತವೆಯಲ್ಲಿ ಹುರಿದು ತಿಂತಾರೆ. ನಿನಗೆ ಅನ್ನ ಹಾಕಿದ ಜಾಗ ಮಾರಾಯ ಇದು."

ಪೆಟ್ಟಿಗೆ ಅಲ್ಲಿಗೆ ಹೋಯಿತು. ಅಷ್ಟರಲ್ಲಿ ವಸಂತಿಯ ಫೋನ್.

"ಅಣ್ಣ, ಹಳಿ ರಿಪೇರಿಯ ಮೆಗಾಬ್ಲಾಕ್ ಇವತ್ತು, ಇನ್ಸ್ಟಿಟ್ಯೂಟಿಗೆ ಹೋಗ್ಲಿಕ್ಕೆ ಟ್ರೈನ್ ಇಲ್ಲ. ಸ್ಟೇಶನ್ ಹತ್ರ ಸೈಬರ್ ಕೆಫೆಗೆ ಹೋಗ್ಲಾ? ಮಧ್ಯಾಹ್ನ ಮುಚ್ತಾನೆ ಅವ."

"ಈ ಮಳೆಯಲ್ಲಿ ಎಂತಕ್ಕೆ ಮಾರಾಯ್ತಿ? ರಸ್ತೆ ಅಗೆದವರು ಕೇಬಲ್ ತುಂಡು ಮಾಡಿದ್ದಾರೆ, ಹುಡುಕ್ತಾ ಇದ್ದೇನೆ. ಅರ್ಧ ಗಂಟೆ."

ಇದು ನಮ್ಮ ಕಸುಬಿನವರ ಬಾಯಿಪಾಠ. ಅರ್ಧ ಗಂಟೆ ಎಂದರೆ ಗಿರಾಕಿ ಸುಮ್ಮನಾಗುತ್ತಾನೆ, ಬೇರೆ ಆಪರೇಟರನ ಬಳಿ ಹೋಗುವುದಿಲ್ಲ. ಗಿರಾಕಿಗೆ ಹೇಳುವುದನ್ನೇ ತಂಗಿಗೂ ಹೇಳಿದೆ. ನಾನು ಬಾರಿನಲ್ಲಿ ಮ್ಯಾಚ್ ನೋಡುತ್ತಿದ್ದಾಗ ಅವಳು ಮತ್ತೆ ಫೋನ್ ಮಾಡಿದಳು. ಮತ್ತೆ ಅರ್ಧ ಗಂಟೆ ಎಂದೆ.

"ಊಟ ಆಯ್ತಾ ಅಣ್ಣ?" ಎಂದು ಕೇಳಿದಳು.

"ಎಲ್ಲಿ ಪುರುಸೊತ್ತು?" ಎಂದೆ. ಎದುರಿಗೆ ಬಂಗುಡೆ ಫ್ರೈ ಇತ್ತು.

ಕಲ್ಯಾಣದಿಂದ ಹೊಸ ಪೆಟ್ಟಿಗೆ ತಂದು ಹಾಕಿದ್ದು ಸೋಮವಾರ. ಅವಳ ಕೋರಿಕೆ ಹೋಗಿ, ದೂರದರ್ಶಕ ಆ ಕಡೆ ತಿರುಗಿದ್ದು ಬುಧವಾರ.

ಕೆಲವು ವರ್ಷಗಳ ನಂತರ ಥಾಣೆ ನಗರದ ಕನ್ನಡ ಸಂಘದಲ್ಲಿ ಅವಳ ಉಪನ್ಯಾಸವಿತ್ತು. ಪರದೆಯ ಮೇಲೆ ಆ ನಕ್ಷತ್ರದ ಎಕ್ಸ್‌ರೇ ಗ್ರಾಫ್ ಬಂತು. ಎಡಗಡೆ, ಗೆರೆ ಶುರುವಾಗಬೇಕಾದಲ್ಲಿ ಖಾಲಿ.

"ಇಲ್ಲಿ ನಮ್ಮ ಹತ್ರ ಏನೂ ಇಲ್ಲ," ಎಂದಳು. "ಅವತ್ತು ರಸ್ತೆ ಅಗೆದವರು ಕೇಬಲ್ ತುಂಡು ಮಾಡಿದ್ರು. ಊಟವನ್ನೂ ಬಿಟ್ಟು ಇಡೀ ದಿನ ಮಳೆಯಲ್ಲಿ ಅದನ್ನು ಹುಡುಕಿದವನು ನನ್ನ ಅಣ್ಣ. ಅಲ್ಲಿ ಕೂತಿದ್ದಾನೆ ನೋಡಿ."

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಧಾರವಾಡದ ಹಿರಿಯರು, "ಎದ್ದ್ ನಿಂದರ್ರಿ, ನಾಚ್ಕೊಳ್ಳೂದೇನು ಅದರಾಗ," ಎಂದು ಭುಜ ತಟ್ಟಿದರು. ನಾನು ಎದ್ದು ನಿಂತು ಎಲ್ಲರಿಗೂ ಕೈಮುಗಿದೆ.

ಲೈನಿಲ್ಲ ಎಂದು ಗೊತ್ತಾದರೆ ಜನ ಹೇಗೋ ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ನಮ್ಮ ಅರ್ಧ ಗಂಟೆ ಆ ದಾರಿಯನ್ನೂ ಮುಚ್ಚುತ್ತದೆ. ಈಗ "ಇವತ್ತು ಆಗುವುದಿಲ್ಲ" ಎಂದೇ ಹೇಳಿ ಬೈಸಿಕೊಳ್ಳುತ್ತೇನೆ. ಕಸುಬು ಇಷ್ಟನ್ನು ಕಲಿಸಿತು. ಈ ಬರಹವನ್ನು ವಸಂತಿಯೇ ಮೊದಲು ಓದಬೇಕೆಂದು ಬೇಲಾಪುರದ ಅವಳ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ಅವಳು ಬಡಿಸಿದ್ದನ್ನು ಉಂಡು, ಹಾಳೆಗಳನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸು ಬಂದೆ.