ಚಪ್ಪಲಿಯ ಬಳಿ ಬಿಟ್ಟು ಬಂದದ್ದು

ಶಹಾಬಾದಿನ ನಮ್ಮ ಪ್ರಾರ್ಥನಾ ಮನೆಯಲ್ಲಿ ಶನಿವಾರ ಸಂಜೆಯ ಅರ್ಧ ತಾಸು ಮೌನಧ್ಯಾನ ನಡೆಸುವವಳು ಎಸ್ತೇರಮ್ಮ. ಅವಳಷ್ಟು ಗದ್ದಲದ ಹೆಂಗಸು ವಾಡಿಯಿಂದ ಚಿಂಚೋಳಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಚಾಪೆ ಹಾಸುವಾಗ ಮಾತು, ಕಿಟಕಿ ಮುಚ್ಚುವಾಗ ಬೈಗುಳ, ಮೊಬೈಲು ಬಂದ್ ಮಾಡದಿದ್ದರೆ ಪಾಸ್ಟರೆಂಬ ಮುಲಾಜೂ ಇಲ್ಲ. ಬುದ್ಧವಿಹಾರದ ಲುಂಬಿನಿ ಬರುತ್ತಾಳೆ, ತಸ್ಬಿಯ ಜಪಮಣಿ ಹಿಡಿದು ಅಮೀರ್‌ಬೀಯೂ ಬರುತ್ತಾಳೆ. "ಇವರೂ ಯೇಸುವಿನ ಹೆಸರು ಹೇಳ್ತಾರೇನು?" ಎಂದು ಹೊಸಬರೊಬ್ಬರು ಕೇಳಿದ್ದಕ್ಕೆ, "ನಾ ಏನ್ ಇಲ್ಲಿ ಜನಗಣತಿ ಮಾಡಾಕತ್ತೀನೇನ್ರಿ? ಸುಮ್ನ ಕುಂದ್ರಿ" ಎಂದಳು. ಮಾತಿಗಿಂತ ಅವಳ ಕೆಮ್ಮೇ ಜೋರು. ಇಪ್ಪತ್ತೆರಡು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವಳ ಎದೆಯಲ್ಲಿ ದೂಳು ಗೂಡು ಕಟ್ಟಿದೆ. ನಾಲ್ಕು ಮಾತಿಗೊಮ್ಮೆ ಗೋಡೆ ಹಿಡಿದು ಬಗ್ಗುತ್ತಾಳೆ. ಆದರೆ ಗಂಟೆ ಬಾರಿಸಿ ಕಣ್ಣು ಮುಚ್ಚಿದಳೆಂದರೆ ಅರ್ಧ ತಾಸು ಒಂದೇ ಒಂದು ಕೆಮ್ಮಿಲ್ಲ. ಕೊಡದಲ್ಲಿ ತುಂಬಿಟ್ಟ ನೀರಿನಂತೆ ಕೂತಿರುತ್ತಾಳೆ. ಧ್ಯಾನ ಮರೆತು ಅವಳನ್ನೇ ನೋಡಿದ್ದೇನೆ. "ಕೆಮ್ಮು ಹ್ಯಾಂಗ ತಡಿತಿ ಯವ್ವಾ?" ಎಂದು ಒಮ್ಮೆ ಕೇಳಿದೆ. "ತಡಿಯಾಕ ನನ್ನ ಬಲ್ಲಿ ಶಕ್ತಿ ಎಲ್ಲದ? ಹೊರಗ ಚಪ್ಪಲಿ ಬಲ್ಲಿ ಕುಂದ್ರಸಿ ಬರ್ತೀನಿ. ಪಾಪ, ಅದೂ ನನ್ನ ಸಂಗಟ ಭಾಳ ದಣದದ." ನಾನು ನಕ್ಕೆ. ಆ ಸಂಜೆ ಧ್ಯಾನ ಮುಗಿದ ಮೇಲೆ ಅವಳ ಹಿಂದೆಯೇ ಹೊರಗೆ ಬಂದೆ. ಎಡಗಾಲು ಚಪ್ಪಲಿಗೆ ತೂರಿಸಿದ್ದೇ ತಡ, ಕೆಮ್ಮು ನುಗ್ಗಿತು. ಕಂಬ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದಳು. ಆಮೇಲೆ ತನ್ನ ಎದೆಯನ್ನು ಮೆಲ್ಲಗೆ ತಟ್ಟುತ್ತ ಹೇಳಿದಳು: "ಬಂದೆನಪ್ಪ, ಬಂದೆ. ನಡಿ, ಮನಿಗಿ ಹೋಗೋಣು."